ಕೋಟೆಯ ಬಾಗಿಲೂ ಅದರ ಗಂಟೆಯೂ

ಹಳೆಯ ಕಟ್ಟಡಗಳ ವಿಷಯದಲ್ಲಿ ಲೋಕದಲ್ಲಿ ಈಗ ಎರಡು ಪಕ್ಷಗಳು ಏರ್ಪಟ್ಟಿವೆ. ಪರದೇಶದವರು ಬಲದಿಂದ ಆಳಿದ ಕಾಲದಲ್ಲಿ ಎದ್ದು ನಿಂತದ್ದೆಲ್ಲವೂ ಅವಮಾನದ ಗುರುತು, ಅದನ್ನು ಕೆಡವಿ ನೆಲಸಮ ಮಾಡತಕ್ಕದ್ದು ಎಂಬುದು ಒಂದು ಪಕ್ಷ. ಅಂದಿನವರ ಕೆಲಸವೇ ಕೆಲಸ, ಅದರ ಅಂದವನ್ನೂ ಭದ್ರತೆಯನ್ನೂ ನೋಡಿ ಸಂತೋಷಪಟ್ಟರೆ ಸಾಕು, ಹಳೆಯ ಹುಣ್ಣುಗಳನ್ನು ಕೆದಕುವುದರಿಂದ ಪ್ರಯೋಜನವೇನು ಎಂಬುದು ಮತ್ತೊಂದು ಪಕ್ಷ. ಈ ಎರಡು ಮಾತುಗಳೂ ನಮಗೆ ಒಪ್ಪಿಗೆಯಾಗಿಲ್ಲ. ಹೆಣ್ಣುಮಕ್ಕಳಿಗೆ ಇತಿಹಾಸವನ್ನು ಕಲಿಸುವ ಹೊಣೆಯನ್ನು ಹೊತ್ತಿರುವ ನಾವು ಮೂರನೆಯ ಒಂದು ಮಾರ್ಗವುಂಟೆಂದು ನಂಬಿದ್ದೇವೆ. ಅದನ್ನು ಈ ಸ್ಮರಣಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಾಯ್ತಂದೆಗಳ ಮುಂದೆಯೂ ಇಡಬಯಸುತ್ತೇವೆ.

ಬರಿಯ ತತ್ತ್ವವನ್ನು ಹೇಳುತ್ತ ಹೋದರೆ ಓದುವವರಿಗೆ ಬೇಸರವಾದೀತು. ಆದುದರಿಂದ ದೂರದೇಶದ ಒಂದು ಕೋಟೆಯ ಬಾಗಿಲನ್ನೂ ಅದರ ಮೇಲೆ ತೂಗುವ ಗಂಟೆಯನ್ನೂ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ನಮ್ಮದಲ್ಲದ ಊರಿನ ವಿಷಯವನ್ನು ಪಕ್ಷಪಾತವಿಲ್ಲದೆ ವಿಚಾರಮಾಡುವುದು ಸುಲಭ. ಅಲ್ಲಿ ಕಂಡ ನ್ಯಾಯವನ್ನು ಆಮೇಲೆ ನಮ್ಮ ಮನೆಗೂ ಅನ್ವಯಿಸಿಕೊಳ್ಳಬಹುದು.

ಆಫ್ರಿಕಾ ಖಂಡದ ದಕ್ಷಿಣದ ತುದಿಯಲ್ಲಿ ಕೇಪ್‌ಟೌನ್ ಎಂಬ ಪಟ್ಟಣವಿದೆ. ೧೬೫೨ನೆಯ ಇಸವಿ ಏಪ್ರಿಲ್ ೬ರಂದು ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಯ ಯಾನ್ ವಾನ್ ರೀಬೆಕ್ ಎಂಬವನು ಅಲ್ಲಿಯ ಕೊಲ್ಲಿಗೆ ಬಂದಿಳಿದನು. ಯೂರೋಪಿನಿಂದ ಏಷ್ಯಾಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ಕಾಯಿಪಲ್ಯ, ಮಾಂಸಗಳನ್ನು ಒದಗಿಸುವುದಷ್ಟೇ ಅವನಿಗೆ ಒಪ್ಪಿಸಿದ ಕೆಲಸವಾಗಿದ್ದಿತು. ಅವನು ಮಣ್ಣು ಮರಗಳಿಂದ ಒಂದು ಸಣ್ಣ ಕೋಟೆಯನ್ನು ಕಟ್ಟಿಸಿದನು. ಮುಂದೆ ಇಂಗ್ಲಿಷರಿಗೂ ಡಚ್ಚರಿಗೂ ಯುದ್ಧ ಹತ್ತಿಕೊಳ್ಳಲು, ಮಣ್ಣಿನ ಗೋಡೆ ಸಾಲದೆಂದು ೧೬೬೬ನೆಯ ಇಸವಿ ಜನವರಿ ೨ರಂದು ಕಲ್ಲಿನ ಕೋಟೆಗೆ ಅಸ್ತಿವಾರವನ್ನಿಟ್ಟರು. ಕಟ್ಟಡವು ೧೬೭೯ರಲ್ಲಿ ಮುಗಿಯಿತು. ಐದು ಮೂಲೆಗಳ ಆ ಕೋಟೆಗೆ ಐದು ಕೊತ್ತಲಗಳು. ಆರೆಂಜಿನ ಅರಸುಮಗನಾದ ವಿಲಿಯಮನ ಐದು ಬಿರುದುಗಳೇ ಅವುಗಳ ಹೆಸರುಗಳು. ಕೋಟೆಗೆ ‘ಗುಡ್‌ಹೋಪ್’, ಅಂದರೆ ಒಳ್ಳೆಯ ನಿರೀಕ್ಷೆ, ಎಂದು ಹೆಸರು. ಆ ನಿರೀಕ್ಷೆ ಯಾರದು ಎಂಬುದೇ ವಿಚಾರಮಾಡತಕ್ಕ ಮಾತು.

ಕೋಟೆಯ ಮೊದಲನೆಯ ಬಾಗಿಲು ಸಮುದ್ರದ ಕಡೆಗಿದ್ದಿತು. ಭರತದ ವೇಳೆಯಲ್ಲಿ ತೆರೆಗಳು ಬಾಗಿಲವರೆಗೂ ನುಗ್ಗಿ ಬರುತ್ತಿದ್ದುದರಿಂದ, ೧೬೮೨ರಿಂದ ೧೬೮೪ರೊಳಗೆ ಬೇರೊಂದು ಪಾರ್ಶ್ವದಲ್ಲಿ ಈಗಿರುವ ಮಹಾದ್ವಾರವನ್ನು ಕಟ್ಟಿದರು. ಹಡಗುಗಳು ಓಲಾಡದಂತೆ ತಳದಲ್ಲಿ ಹೇರಿಕೊಂಡು ಬಂದ ಸಣ್ಣ ಸಣ್ಣ ಹಳದಿ ಇಟ್ಟಿಗೆಗಳು ಅದಕ್ಕೆ ಉಪಯೋಗವಾದವು. ಬಾಗಿಲ ಮೇಲಣ ಮುಕ್ಕೋಣದ ಹಣೆಯಲ್ಲಿ ಕಿರೀಟವಿಟ್ಟ ಸಿಂಹವೊಂದು ಏಳು ಬಾಣಗಳನ್ನು ಹಿಡಿದು ನಿಂತಿದೆ. ಅವು ಡಚ್ಚರ ಏಳು ಪ್ರಾಂತಗಳ ಒಗ್ಗಟ್ಟಿನ ಸಂಕೇತ. ಅದರ ಕೆಳಗಣ ಪಟ್ಟಿಯಲ್ಲಿ ಆಮ್‌ಸ್ಟರ್‌ಡಾಮ್, ಮಿಡಲ್‌ಬರ್ಗ್, ಡೆಲ್ಫ್ಟ್, ರಾಟರ್‌ಡಾಮ್, ಹೋರ್ನ್, ಎಂಖಾಯ್ಜನ್ ಎಂಬ ಆರು ಸ್ಥಳಗಳ ಲಾಂಛನಗಳು. ಕಂಪೆನಿಗೆ ಬಂಡವಾಳ ಹಾಕಿದ ಶಾಖೆಗಳು ಇವೇ. ಹೀಗೆ ಹಣ ಹಾಕಿದವರ ಗುರುತು ಕಲ್ಲಿನಲ್ಲಿ ಕೆತ್ತಲ್ಪಟ್ಟಿತು. ಕಲ್ಲು ಹೊತ್ತವರ ಗುರುತು ಎಲ್ಲಿಯೂ ಕೆತ್ತಲ್ಪಡಲಿಲ್ಲ.

ಆ ಬಾಗಿಲ ಮೇಲಣ ಗೋಪುರದಲ್ಲಿ ಒಂದು ಗಂಟೆ ತೂಗುತ್ತದೆ. ಅದನ್ನು ೧೬೯೭ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಕ್ಲೋಡ್ ಫ್ರೆಮಿ ಎಂಬ ಎರಕದವನು ಹೊಯ್ದನು. ತೂಕ ೩೦೦ ಕಿಲೋಗ್ರಾಮಿಗೆ ತುಸು ಮೇಲೆ. ದಕ್ಷಿಣ ಆಫ್ರಿಕಾದ ಗಂಟೆಗಳಲ್ಲೆಲ್ಲ ಇದೇ ಹಳೆಯದು. ಇದರ ನಾದವು ಹತ್ತು ಕಿಲೋಮೀಟರು ದೂರದವರೆಗೆ ಕೇಳಿಸುತ್ತಿದ್ದಿತೆಂದು ಹೇಳುತ್ತಾರೆ. ಹೊತ್ತನ್ನು ತಿಳಿಸುವುದು, ಅಪಾಯ ಬಂದಾಗ ಎಚ್ಚರಿಸುವುದು, ಕಂಪೆನಿಯ ಆಜ್ಞೆಯನ್ನು ಸಾರುವಾಗ ಸಿಪಾಯಿಗಳನ್ನೂ ನಿವಾಸಿಗಳನ್ನೂ ಕೂಡಿಸುವುದು, ಇವು ಮೂರು ಅದರ ಕೆಲಸಗಳು.

ಈ ಮೂರರಲ್ಲಿ ಯಾವುದು ಹೆಚ್ಚಾಗಿ ನಡೆಯಿತು? ಕೋಟೆಯೆಂದೊಡನೆ ನಮ್ಮ ಮಕ್ಕಳು ಯುದ್ಧವನ್ನು ನೆನೆಯುತ್ತಾರೆ. ಆದರೆ ಈ ಕೋಟೆಗೆ ಯಾವ ಶತ್ರುವೂ ಮುತ್ತಿಗೆ ಹಾಕಲಿಲ್ಲ. ಬ್ರಿಟಿಷರು ೧೭೯೫ರಲ್ಲಿಯೂ ಮತ್ತೆ ೧೮೦೬ರಲ್ಲಿಯೂ ಕೇಪನ್ನು ವಶಪಡಿಸಿಕೊಂಡರು. ಎರಡು ಸಾರಿಯೂ ಕಾದಾಟವು ದೂರದ ಕಡಲತಡಿಯಲ್ಲಿ ನಡೆದುಹೋಯಿತು. ಹೀಗಿರಲು ಆ ಗಂಟೆಯ ಮುಖ್ಯವಾದ ಕೆಲಸ ಶತ್ರುವನ್ನು ಕುರಿತದ್ದಲ್ಲ, ಒಳಗಿನವರನ್ನೇ ಕುರಿತದ್ದು ಎಂಬುದು ಸ್ಪಷ್ಟ. ಯಾರು ಯಾವಾಗ ಏಳಬೇಕು, ಯಾವಾಗ ದುಡಿಯಬೇಕು, ಯಾವಾಗ ಆಜ್ಞೆಗೆ ಕಿವಿಗೊಟ್ಟು ನಿಲ್ಲಬೇಕು ಎಂಬುದನ್ನು ಅದು ಹೇಳುತ್ತಿದ್ದಿತು. ಕೋಟೆಯ ನಡುವಣ ಅಡ್ಡಕಟ್ಟಡದ ಮೊಗಸಾಲೆಯಿಂದ ಅಧಿಕಾರಿಗಳು ಕಟ್ಟಳೆಗಳನ್ನೂ ಅಪರಾಧಿಗಳ ದಂಡನೆಯನ್ನೂ ಓದಿ ಸಾರುತ್ತಿದ್ದರು.

ಹಾಗಾದರೆ ಆ ಗಂಟೆಯನ್ನು ಕೇಳುತ್ತಿದ್ದವರು ಯಾರು? ಮೊದಲನೆಯವರು ಕಂಪೆನಿಯ ನೌಕರರು ಮತ್ತು ಸಿಪಾಯಿಗಳು. ಎರಡನೆಯವರು ಖೋಯಿಖೋಯಿ ಎಂಬ ಆ ನಾಡಿನ ಜನ. ಅವರು ದನಕುರಿಗಳನ್ನು ಮೇಯಿಸಿಕೊಂಡು ಆ ಬೆಟ್ಟದ ತಪ್ಪಲಿನಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದವರು. ಕಂಪೆನಿಯವರು ಮೇವಿನ ನೆಲವನ್ನು ಬೇಸಾಯಕ್ಕೆ ಹಂಚಿಕೊಡಲು, ೧೬೫೯ರಲ್ಲಿ ಯುದ್ಧವಾಯಿತು. ೧೬೬೦ರಲ್ಲಿ ರೀಬೆಕನು ಅವರ ದನಗಳು ಒಳಗೆ ಬಾರದಂತೆ ಕಾಡುಬಾದಾಮಿಯ ಬೇಲಿಯನ್ನು ನೆಡಿಸಿದನು. ಆ ಬೇಲಿಯ ಕೆಲವು ಭಾಗಗಳು ಕಿರ್ಸ್ಟನ್‌ಬಾಷ್ ಉದ್ಯಾನದಲ್ಲಿ ಇಂದಿಗೂ ಹಸುರಾಗಿವೆ. ಆ ಜನರ ಪಾಲಿಗೆ ಗಂಟೆಯ ನಾದವು ತಮ್ಮ ನೆಲದಲ್ಲಿ ಪರರ ಆಜ್ಞೆಯ ಧ್ವನಿಯಾಗಿದ್ದಿತು.

ಮೂರನೆಯವರ ವಿಷಯವನ್ನು ನಾವು ಭಾರತೀಯರಾಗಿ ಚೆನ್ನಾಗಿ ಅರಿಯತಕ್ಕದ್ದು. ಅವರು ಗುಲಾಮರು. ೧೬೫೨ರಿಂದ ೧೮೦೮ರವರೆಗೆ ಕೇಪಿಗೆ ಹಡಗಿನಲ್ಲಿ ತಂದಿಳಿಸಿದ ಗುಲಾಮರ ಸಂಖ್ಯೆ ಸುಮಾರು ೬೩,೦೦೦ ಎಂದು ಇತಿಹಾಸಕಾರರು ಲೆಕ್ಕಹಾಕಿದ್ದಾರೆ. ಅವರಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಬಂಗಾಳ, ಮಲಬಾರು, ಚೋಳಮಂಡಲ ತೀರಗಳಿಂದ ಹೋದವರು. ಉಳಿದವರು ಆಫ್ರಿಕಾದ ಬೇರೆ ಭಾಗಗಳಿಂದಲೂ ಮಡಗಾಸ್ಕರದಿಂದಲೂ ಇಂಡೊನೇಷ್ಯದ ದ್ವೀಪಗಳಿಂದಲೂ ಬಂದವರು. ಕೊಚ್ಚಿಯಲ್ಲಿ, ನಾಗಪಟ್ಟಣದಲ್ಲಿ, ಪುಲಿಕಾಟಿನಲ್ಲಿ, ಚಿನ್ಸುರದಲ್ಲಿ ಕೋಠಿಗಳನ್ನಿಟ್ಟಿದ್ದ ಕಂಪೆನಿಯೂ, ನಮ್ಮ ಕರಾವಳಿಯ ಬಸರೂರಿನಲ್ಲಿ ಕೆಲಕಾಲ ವ್ಯಾಪಾರ ನಡೆಸಿದ ಕಂಪೆನಿಯೂ ಇದೇ. ಮೆಣಸು ಅಕ್ಕಿಗಳು ಹೋದ ದಾರಿಯಲ್ಲಿ ಮನುಷ್ಯರೂ ಹೋದರು. ಅವರ ಹೆಸರಿನ ಮುಂದೆ ‘ಬಂಗಾಳದವಳು’, ‘ಮಲಬಾರಿನವನು’ ಎಂದು ಬರೆದಿಟ್ಟರು. ತಂದೆಯ ಹೆಸರಾಗಲಿ ಮನೆತನದ ಹೆಸರಾಗಲಿ ಉಳಿಯಲಿಲ್ಲ. ಕೇಪಿನ ದ್ರಾಕ್ಷಿತೋಟಗಳಲ್ಲಿಯೂ ಗಂಟೆಗಳಿದ್ದವು. ಸುಣ್ಣ ಬಳಿದ ಕಂಬಗಳ ನಡುವೆ ತೂಗುವ ಅವುಗಳಿಗೆ ‘ಗುಲಾಮರ ಗಂಟೆ’ ಎಂದೇ ಹೆಸರು. ಬೆಳಗ್ಗೆ ಅವು ಬಾರಿಸಿದರೆ ಅದು ಪ್ರಾರ್ಥನೆಯ ಕರೆಯಲ್ಲ, ದುಡಿತದ ಕರೆ. ಗುಲಾಮಗಿರಿಯು ೧೮೩೪ನೆಯ ಡಿಸೆಂಬರ್ ೧ರಂದು ಕಾನೂನಿನಲ್ಲಿ ರದ್ದಾದರೂ, ಕೆಲಸ ಕಲಿಯುವವರೆಂಬ ನೆವದಿಂದ ಅವರನ್ನು ಇನ್ನೂ ನಾಲ್ಕು ವರ್ಷ ಯಜಮಾನರ ಕೈಕೆಳಗೇ ಇರಿಸಿ, ೧೮೩೮ರಲ್ಲಿ ಬಿಟ್ಟರು.

ಈ ಕಥೆಯಲ್ಲಿ ಇಬ್ಬರು ಹೆಂಗಸರ ಬಾಳನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಅಪೇಕ್ಷೆ. ಒಬ್ಬಳು ಬಂಗಾಳದ ಆಂಜೆಲಾ. ಗುಲಾಮಳಾಗಿ ಕೇಪಿಗೆ ಬಂದು ರೀಬೆಕನ ಮನೆಯಲ್ಲಿ ದುಡಿದವಳು. ಕೋಟೆಗೆ ಕಲ್ಲಿಟ್ಟ ೧೬೬೬ನೆಯ ವರ್ಷದಲ್ಲಿಯೇ ಅವಳಿಗೆ ಬಿಡುಗಡೆಯಾಯಿತು. ೧೬೬೯ರಲ್ಲಿ ಮದುವೆಯಾಗಿ ಸಂಸಾರ ಹೂಡಿ ನೆಲೆಗೊಂಡಳು. ಆದರೆ ಇಂಥ ಭಾಗ್ಯ ಕಂಡವರು ಕೆಲವರೇ; ಅವಳೊಬ್ಬಳನ್ನು ತೋರಿಸಿ ಉಳಿದವರ ಸಂಕಟವನ್ನು ಮರೆಸಬಾರದು.

ಮತ್ತೊಬ್ಬಳು ಕ್ರೋಟೋವಾ ಎಂಬ ಖೋಯಿ ಹುಡುಗಿ. ನಮ್ಮ ಕೆಳಗಿನ ತರಗತಿಯ ಮಕ್ಕಳ ಪ್ರಾಯದಲ್ಲಿ ಅವಳು ರೀಬೆಕನ ಮನೆಯನ್ನು ಸೇರಿದಳು. ಚುರುಕುಬುದ್ಧಿಯವಳಾದುದರಿಂದ ಬೇಗನೆ ಡಚ್ ಭಾಷೆಯನ್ನು ಕಲಿತು ದುಭಾಷಿಯಾದಳು. ವ್ಯಾಪಾರಕ್ಕೂ ಸಂಧಿಗೂ ಅವಳ ನಾಲಗೆಯೇ ಸೇತುವೆ. ಅವಳನ್ನು ಈವಾ ಎಂದು ಕರೆದರು. ೧೬೬೨ರಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ೧೬೬೪ರಲ್ಲಿ ಕಂಪೆನಿಯ ವೈದ್ಯನೊಬ್ಬನೊಡನೆ ವಿವಾಹವಾಯಿತು. ಆದರೆ ರೀಬೆಕನು ದೇಶ ಬಿಟ್ಟು ಹೋದ ಮೇಲೆ, ಗಂಡನೂ ಮಡಗಾಸ್ಕರದಲ್ಲಿ ಮಡಿದ ಮೇಲೆ, ಅವಳನ್ನು ಕೇಳುವವರಿಲ್ಲವಾಯಿತು. ತನ್ನವರ ಕಣ್ಣಿಗೆ ಅವಳು ಪರಕೀಯಳು. ಕೋಟೆಯವರ ಕಣ್ಣಿಗೆ ಕಾಡಿನವಳು. ಅವಳು ಕುಡಿತಕ್ಕೆ ಬಿದ್ದಳೆಂದು ಕಂಪೆನಿಯವರು ಬರೆದರು, ಮಕ್ಕಳನ್ನು ಕಿತ್ತುಕೊಂಡರು, ರಾಬೆನ್ ದ್ವೀಪಕ್ಕೆ ಗಡೀಪಾರು ಮಾಡಿದರು. ೧೬೭೪ರಲ್ಲಿ ಅವಳು ತೀರಿಕೊಂಡಳು. ಬದುಕಿರುವಾಗ ಹೊರಹಾಕಿದವಳನ್ನು ಸತ್ತ ಮೇಲೆ ಕ್ರೈಸ್ತಳೆಂದು ಕೋಟೆಯ ಒಳಗೇ ಹೂಳಿದರು. ಈಗಿನ ಮಹಾದ್ವಾರ ಆಗ ಇನ್ನೂ ಎದ್ದಿರಲಿಲ್ಲ; ಗಂಟೆ ಎರಕವಾಗಲು ಇನ್ನೂ ೨೩ ವರ್ಷವಿದ್ದಿತು. ಆದರೂ ಆ ಬಾಗಿಲಿನ ಅರ್ಥವನ್ನು ಅವಳ ಬಾಳಿಗಿಂತ ಚೆನ್ನಾಗಿ ಹೇಳುವ ಶಾಸನ ಬೇರೊಂದಿಲ್ಲ.

ಇಷ್ಟು ತಿಳಿದ ಮೇಲೆ, ಆ ಬಾಗಿಲನ್ನೂ ಗಂಟೆಯನ್ನೂ ಏನು ಮಾಡತಕ್ಕದ್ದು? ಕೇಪ್‌ಟೌನಿನ ವಿಶ್ವವಿದ್ಯಾಲಯದಲ್ಲಿದ್ದ ಸೆಸಿಲ್ ರೋಡ್ಸನ ವಿಗ್ರಹವನ್ನು ವಿದ್ಯಾರ್ಥಿಗಳ ಹೋರಾಟದಿಂದ ೨೦೧೫ನೆಯ ಏಪ್ರಿಲ್ ೯ರಂದು ತೆಗೆದುಹಾಕಿದರು. ಅದು ಸರಿಯಾದರೆ ಕೋಟೆಯ ಬಾಗಿಲನ್ನೇಕೆ ಉಳಿಸಬೇಕೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ವಿಗ್ರಹಕ್ಕೂ ಬಾಗಿಲಿಗೂ ಭೇದವಿದೆ. ವಿಗ್ರಹವನ್ನು ನಿಲ್ಲಿಸುವುದು ಗೌರವಕ್ಕಾಗಿ. ‘ಇವನಂತಾಗಿರಿ’ ಎಂದು ಅದು ಎತ್ತರದಲ್ಲಿ ನಿಂತು ಹೇಳುತ್ತದೆ. ಆ ಮಾತು ಸುಳ್ಳೆಂದು ಕಂಡಾಗ ಗೌರವವನ್ನು ಹಿಂತೆಗೆದುಕೊಳ್ಳುವ ಅಧಿಕಾರ ಜನರಿಗುಂಟು. ಬಾಗಿಲೂ ಗಂಟೆಯೂ ಹಾಗಲ್ಲ. ಅವು ಉಪಕರಣಗಳು. ಉಪಕರಣವು ತಾನು ಮಾಡಿದ ಕೆಲಸಕ್ಕೆ ಸಾಕ್ಷಿಯಾಗಿರುತ್ತದೆ. ನ್ಯಾಯಸ್ಥಾನದಲ್ಲಿ ವಿಚಾರಣೆ ನಡೆಯುವಾಗ ಸಾಕ್ಷಿಯನ್ನು ಹೊರದೂಡುವುದರಿಂದ ನೊಂದವನಿಗೆ ಲಾಭವುಂಟೇ? ಕಲ್ಲು ಹೊತ್ತವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲದಿರುವಾಗ, ಅವರ ಕೈ ಮುಟ್ಟಿದ ಆ ಕಲ್ಲೊಂದೇ ಅವರು ಇದ್ದರೆಂಬುದಕ್ಕೆ ಗುರುತು. ಅದನ್ನೂ ಕೆಡವಿದರೆ ಕಂಪೆನಿ ಮಾಡಿದ ಮರೆವನ್ನು ನಾವೇ ಪೂರ್ತಿಮಾಡಿದಂತಾಗುವುದು.

ಆದರೆ ಸಾಕ್ಷಿಯನ್ನು ಉಳಿಸಿಕೊಂಡು ಬಾಯಿ ಕಟ್ಟುವುದೂ ಅನ್ಯಾಯವೇ. ಆ ಕೋಟೆಯನ್ನು ೧೯೩೬ರಲ್ಲಿಯೇ ರಾಷ್ಟ್ರದ ಸ್ಮಾರಕವೆಂದು ಘೋಷಿಸಿದರು. ಅಂದು ಸಂರಕ್ಷಿಸಿದ್ದು ಮುಖ್ಯವಾಗಿ ಆಳಿದವರ ನೆನಪನ್ನು. ೧೯೯೪ರಲ್ಲಿ ಎಲ್ಲ ವರ್ಣದವರಿಗೂ ಮತದಾನದ ಹಕ್ಕು ಬಂದ ಮೇಲೆ ಈ ದೃಷ್ಟಿ ಬದಲಾಗತೊಡಗಿತು. ಅಸ್ತಿವಾರದಿಂದ ೩೫೦ ವರ್ಷಗಳು ತುಂಬಿದ ೨೦೧೬ರಲ್ಲಿ, ವಿದೇಶೀ ಆಳಿಕೆಯನ್ನು ಎದುರಿಸಿದ ನಾಲ್ವರ ಪ್ರತಿಮೆಗಳನ್ನು ಕೋಟೆಯ ಆವರಣದಲ್ಲಿಯೇ ನಿಲ್ಲಿಸಿದರು. ೧೬೫೯ರ ಯುದ್ಧದ ನಾಯಕನಾದ ಡೋಮನ್. ಹಾಗೂ ಮುಂದಿನ ಕಾಲದ ಅರಸರಾದ ಲಾಂಗಲಿಬಲೇಲೆ, ಸೆಖುಖುನೆ, ಕೆಚ್ವಾಯೊ. ಜುಲು ಅರಸನಾದ ಕೆಚ್ವಾಯೊನನ್ನು ೧೮೭೯ರ ಯುದ್ಧದ ನಂತರ ಬ್ರಿಟಿಷರು ಇದೇ ಕೋಟೆಯಲ್ಲಿ ಸೆರೆಯಿಟ್ಟಿದ್ದರು. ಸೆರೆಯಾಳಾಗಿ ಬಾಗಿಲು ದಾಟಿದವನು ಈಗ ಗೌರವದಿಂದ ಅಲ್ಲಿ ನಿಂತಿದ್ದಾನೆ. ಕಂಪೆನಿಯ ಸಿಂಹವೂ ಬಾಗಿಲ ಮೇಲೆ ಹಾಗೆಯೇ ಇದೆ. ನೋಡಲು ಹೋದ ಮಗುವು ಎರಡನ್ನೂ ಕಂಡು ಪ್ರಶ್ನೆ ಕೇಳದೆ ಇರಲಾರದು. ನಾವು ಮೂರನೆಯ ಮಾರ್ಗವೆಂದು ಹೇಳಿದ್ದು ಇದನ್ನೇ: ಕೆಡವಬೇಡಿರಿ, ಹೊಗಳಲೂ ಬೇಡಿರಿ, ಪಕ್ಕದಲ್ಲಿ ನಿಂತು ಪೂರ್ತಿಯಾದ ಕಥೆಯನ್ನು ಹೇಳಿರಿ.

ನಮ್ಮ ನಾಡಿನ ಜನಕ್ಕೆ ಈ ವಿವೇಕ ಹೊಸದೇನೂ ಅಲ್ಲ. ಚಿತ್ರದುರ್ಗದ ಕೋಟೆಗೆ ದೊಡ್ಡ ದೊಡ್ಡ ಬಾಗಿಲುಗಳಿವೆ. ಆದರೆ ಜನರು ಮಕ್ಕಳನ್ನು ಕರೆದುಕೊಂಡು ಹೋಗಿ ಮೊದಲು ತೋರಿಸುವುದು ಒನಕೆ ಓಬವ್ವನ ಕಿಂಡಿಯನ್ನು. ಕಾವಲುಗಾರನ ಹೆಂಡತಿ ನಿಂತ ಆ ಸಂದಿ ಪಾಳೆಯಗಾರರ ಮಹಾದ್ವಾರಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿದೆ. ಇದೇ ದೃಷ್ಟಿಯನ್ನು ಶ್ರೀರಂಗಪಟ್ಟಣಕ್ಕೆ ಹೋದಾಗಲೂ ಬಳ್ಳಾರಿಗೆ ಹೋದಾಗಲೂ ಮಂಗಳೂರಿನ ಸುಲ್ತಾನ್ ಬತ್ತೇರಿಗೆ ಹೋದಾಗಲೂ ಏಕೆ ಇಟ್ಟುಕೊಳ್ಳಬಾರದು? ಕಟ್ಟಿಸಿದವನು ಯಾರೆಂದು ಹಲಗೆಯಲ್ಲಿ ಬರೆದಿರುತ್ತದೆ. ಕಟ್ಟಿದವರು ಯಾರು, ಗಂಟೆ ಬಾರಿಸಿದಾಗ ಯಾರು ಎದ್ದು ನಿಂತರು, ಬಾಗಿಲು ಯಾರಿಗೆ ಮುಚ್ಚಿದ್ದಿತು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳಿಂದ ಕೇಳಿಸಿರಿ.

‘ಇತಿಹಾಸದಿಂದ ಅನ್ನ ಹುಟ್ಟೀತೇ? ಅಂಕ ಬಂದರೆ ಸಾಕು’ ಎಂದು ಕೆಲವು ಪೋಷಕರು ಹೇಳುವುದನ್ನು ನಾವು ಬಲ್ಲೆವು. ಅವರ ಚಿಂತೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಮಗಳು ಸ್ವಂತ ಕಾಲಿನ ಮೇಲೆ ನಿಲ್ಲಬೇಕೆಂಬ ಆಸೆ ನಮ್ಮದೂ ಹೌದು. ಆದರೆ ನಾಳೆ ನಿಮ್ಮ ಮಗಳು ಕಚೇರಿಗೋ ಆಸ್ಪತ್ರೆಗೋ ಕಾರ್ಖಾನೆಗೋ ದುಡಿಯಲು ಹೋಗುವಳು. ಅಲ್ಲಿಯೂ ಒಂದು ಬಾಗಿಲಿರುತ್ತದೆ, ಒಂದು ಗಂಟೆಯಿರುತ್ತದೆ. ಈ ಗಂಟೆ ಯಾರ ಹಿತಕ್ಕಾಗಿ ಬಾರಿಸುತ್ತಿದೆ ಎಂದು ಯೋಚಿಸುವ ಬುದ್ಧಿ ಅವಳಿಗಿಲ್ಲದಿದ್ದರೆ, ಎಷ್ಟು ಅಂಕ ಬಂದಿದ್ದರೂ ಅವಳು ಕೇವಲ ವಿಧೇಯಳಾಗಿ ಉಳಿಯುವಳು. ವಿಧೇಯತೆ ಒಳ್ಳೆಯ ಗುಣವೇ. ವಿವೇಚನೆಯಿಲ್ಲದ ವಿಧೇಯತೆಗೆ ಮಾತ್ರ ಬೇರೆ ಹೆಸರಿದೆ.

ಕೊನೆಯದಾಗಿ, ನ್ಯಾಯವನ್ನು ಮನೆಗೂ ಅನ್ವಯಿಸಿಕೊಳ್ಳಬೇಕೆಂದು ಮೊದಲಿಗೇ ಹೇಳಿದೆವು. ಮಿಶನ್ ಶಾಲೆಗಳಾದ ನಮಗೂ ಬಾಗಿಲುಂಟು, ಗಂಟೆಯುಂಟು. ಕನ್ನಡನಾಡಿನ ಇಂಥ ಹಳೆಯ ಶಾಲೆಗಳು ಹುಟ್ಟಿದ್ದು ಪರರ ಆಳಿಕೆಯ ಕಾಲದಲ್ಲಿಯೇ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದುದು ಕೇಪಿನಲ್ಲಿ ಗುಲಾಮಗಿರಿ ರದ್ದಾದ ೧೮೩೪ನೆಯ ಇಸವಿಯಲ್ಲಿಯೇ. ಬಂದವರಲ್ಲಿ ಅನೇಕರು ಈ ನಾಡಿನ ಮಾತನ್ನು ತಾವೇ ಶ್ರಮಪಟ್ಟು ಕಲಿತರು. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಅದಕ್ಕೆ ಸಾಕ್ಷಿ. ಅಲ್ಲಿ ಹುಡುಗಿಯೊಬ್ಬಳೇ ಪರಭಾಷೆಯನ್ನು ಕಲಿತು ಇಬ್ಬರ ಭಾರವನ್ನೂ ಹೊರಬೇಕಾಯಿತು. ಇಲ್ಲಿ ಕಲಿಸಬಂದವರೂ ಕಲಿತರು. ಶಾಲೆಯೆಂಬುದು ಕೋಟೆಯಾಗದಿರಬೇಕಾದರೆ ಈ ಕ್ರಮವನ್ನು ಬಿಡಬಾರದು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಇಂಗ್ಲಿಷನ್ನು ಚೆನ್ನಾಗಿ ಕಲಿಸತಕ್ಕದ್ದು. ಅದರಲ್ಲಿ ಲೋಭ ಬೇಡ. ಆದರೆ ಅದಕ್ಕಾಗಿ ಕನ್ನಡವನ್ನಾಗಲಿ, ಮನೆಯಲ್ಲಿ ಆಡುವ ತುಳುವನ್ನಾಗಲಿ ಕೊಂಕಣಿಯನ್ನಾಗಲಿ ಬೇರೆ ಯಾವ ನುಡಿಯನ್ನಾಗಲಿ ನಾಚಿಕೆಯ ವಸ್ತುವನ್ನಾಗಿ ಮಾಡತಕ್ಕದ್ದಲ್ಲ. ಅಜ್ಜಿಯೊಡನೆ ಮಾತಾಡಲಾರದ ಮೊಮ್ಮಗಳನ್ನು ತಯಾರುಮಾಡಿದ ಶಾಲೆ ಎಷ್ಟು ಬಹುಮಾನ ಪಡೆದರೂ ಅವಳ ಒಂದು ಬಾಗಿಲನ್ನು ಮುಚ್ಚಿದಂತೆಯೇ ಸರಿ. ಕ್ರೋಟೋವಾಳಿಗೆ ಕಲಿಸಿದ್ದು ತಪ್ಪಾಗಿರಲಿಲ್ಲ. ಅವಳ ನಾಲಗೆಯನ್ನು ಉಪಯೋಗಿಸಿಕೊಂಡು ಅವಳನ್ನು ನಡುದಾರಿಯಲ್ಲಿ ಕೈಬಿಟ್ಟದ್ದು ತಪ್ಪು. ನಮ್ಮಲ್ಲಿ ಓದುವ ಹುಡುಗಿ ಶಾಲೆಯ ಹೆಸರಿಗೆ ಅಲಂಕಾರವಾಗಿರುವಷ್ಟು ದಿನ ಮಾತ್ರ ನಮ್ಮವಳಲ್ಲ. ಅವಳು ಸೋತು ಬಂದಾಗಲೂ, ವಿಧವೆಯಾಗಿ ಬಂದಾಗಲೂ, ಊರವರ ಬಾಯಿಗೆ ಬಿದ್ದು ಬಂದಾಗಲೂ ನಮ್ಮವಳೇ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಉಪಾಧ್ಯಾಯಿನಿಯರು, ಕೆಲವರು ಅಧಿಕಾರದ ಸ್ಥಾನಗಳಲ್ಲಿರುವವರು. ನಿಮ್ಮ ಕೈಯಲ್ಲಿ ಈಗ ಒಂದೊಂದು ಗಂಟೆಯ ಹಗ್ಗವುಂಟು. ಅದನ್ನು ಎಳೆಯುವಾಗ, ಕೇಳುವ ಕಿವಿಗಳಿಗೆ ಅದು ಹೇಗೆ ಕೇಳಿಸುವುದೆಂಬುದನ್ನು ಒಂದು ನಿಮಿಷ ಯೋಚಿಸಿರಿ. ಕೇಪಿನ ಕೋಟೆಯನ್ನು ಕಟ್ಟಿದ ಕಂಪೆನಿ ೧೭೯೯ರಲ್ಲಿ ಇಲ್ಲವಾಯಿತು. ಅದರ ಗಂಟೆ ಇನ್ನೂ ಇದೆ. ನಾವು ಬಾರಿಸಿದ ಗಂಟೆಗಳೂ ನಮಗಿಂತ ಹೆಚ್ಚು ಕಾಲ ಉಳಿದು, ನಮ್ಮ ವಿಷಯದಲ್ಲಿ ಸಾಕ್ಷಿ ಹೇಳುವುವು.